ಮಾಮ್ ಭಾಷೆ ಉಳಿಯುತ್ತಾ? ಮೊದಲು ಯಾವ ಊರಿನ ಮಾಮ್ ಅಂತ ಕೇಳಿ

1876ರ ಅಕ್ಟೋಬರ್‌ನಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದ ಅಧ್ಯಕ್ಷ ಹುಸ್ತೊ ರುಫಿನೊ ಬಾರಿಯೋಸ್ ಒಂದು ಆಜ್ಞೆ ಹೊರಡಿಸಿದ. ಸಾನ್ ಮಾರ್ಕೋಸ್ ಪ್ರಾಂತ್ಯದ ಸಾನ್ ಪೆದ್ರೊ ಸಾಕಾತೆಪೇಕೆಸ್ ಎಂಬ ಊರಿನ ಮೂಲನಿವಾಸಿಗಳು ಇನ್ನು ಮುಂದೆ ‘ಲದೀನೊ’ಗಳು ಅಂತ ಅದರಲ್ಲಿತ್ತು. ಲದೀನೊ ಅಂದರೆ ಅಲ್ಲಿ ಸ್ಪ್ಯಾನಿಷ್ ಮಾತಾಡುವ, ಮೂಲನಿವಾಸಿ ಅಲ್ಲದ ಜನ. ಮುಂದಿನ ವರ್ಷದಿಂದ ಬಟ್ಟೆಯನ್ನೂ ಅವರ ಹಾಗೇ ತೊಡಬೇಕು. ಬಾರಿಯೋಸ್ ಅದೇ ಸೀಮೆಯವನು. ಆ ಊರಿನವರ ಮನೆಮಾತು ಮಾಮ್ ಎಂಬ ಮಾಯಾ ಭಾಷೆ ಅನ್ನೋದು ಅವನಿಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ.

ಈಗ ಸಾನ್ ಪೆದ್ರೊ ಪೇಟೆಯಲ್ಲಿ ಕೇಳಿಸುವುದು ಸ್ಪ್ಯಾನಿಷ್. ಅದೇ ಪ್ರಾಂತ್ಯದಲ್ಲಿ, ಗುಡ್ಡ ಹತ್ತಿ ಹೋದರೆ ಕೊಮಿತಾನ್ಸಿಯೊ ಸಿಗುತ್ತದೆ. ಅಲ್ಲಿ ಅಂಗಡಿಯಲ್ಲೂ ಮಾಮ್, ಹೊಲದಲ್ಲೂ ಮಾಮ್, ಮಕ್ಕಳ ಬಾಯಲ್ಲೂ ಮಾಮ್. ಎರಡೂ ಊರು ಒಂದೇ ಭಾಷೆಯವು. ಒಂದರಲ್ಲಿ ಆ ಭಾಷೆ ಹಿಂದಕ್ಕೆ ಸರಿದಿದೆ, ಇನ್ನೊಂದರಲ್ಲಿ ಗಟ್ಟಿಯಾಗಿದೆ. ಹಾಗಂತ ಸಾನ್ ಪೆದ್ರೊದಲ್ಲಿ ಒಂದು ಆಜ್ಞೆಯೇ ಭಾಷೆಯನ್ನು ಅಳಿಸಿತು ಅಂತ ನಾನು ಹೇಳುತ್ತಿಲ್ಲ. ಅದು ನೇಯ್ಗೆ, ವ್ಯಾಪಾರದ ಊರು. ಕಾಫಿ ಸೀಮೆಗೆ ಹೋಗಿಬರುವ ದಾರಿಯಲ್ಲಿದೆ. ಸ್ಪ್ಯಾನಿಷ್ ಬಂದವನಿಗೆ ಅಲ್ಲಿ ನಾಲ್ಕು ಕಾಸು ಜಾಸ್ತಿ ಸಿಗುತ್ತಿತ್ತು. ಆಜ್ಞೆ, ಪೇಟೆ, ಶಾಲೆ ಮೂರೂ ಸೇರಿ ಆದ ಕೆಲಸ ಅದು.

ಇದನ್ನು ಮೊದಲಿಗೇ ಹೇಳಲು ಒಂದು ಕಾರಣ ಇದೆ. ‘ಮಾಮ್ ಭಾಷೆ ಬದುಕಿದೆಯಾ, ಸಾಯುತ್ತಿದೆಯಾ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವವರು ಜಾಸ್ತಿ. ಇಡೀ ಭಾಷೆಗೆ ಒಂದು ಅಂಕಿ, ಒಂದು ದರ್ಜೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮಾಮ್ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದು ಊರೂರಿಗೆ ಬೇರೆ. ಅದರ ಉಪಭಾಷೆಗಳೂ ಊರಿನವೇ, ಅದರ ಅಳಿವು ಉಳಿವೂ ಊರಿನದೇ.

ಮೊದಲು ಅಂಕಿಗಳನ್ನೇ ನೋಡೋಣ. ಗ್ವಾಟೆಮಾಲಾದಲ್ಲಿ ಸರ್ಕಾರ ಒಪ್ಪಿಕೊಂಡಿರುವ ಮಾಯಾ ಭಾಷೆಗಳು 22. ಅದರಲ್ಲಿ ದೊಡ್ಡವು ನಾಲ್ಕು: ಕೆಕ್ಚಿ, ಕಿಚೆ, ಮಾಮ್, ಕಾಕ್ಚಿಕೆಲ್. 2018ರ ಜನಗಣತಿಯಲ್ಲಿ ‘ನಾನು ಮಾಮ್’ ಅಂತ ಬರೆಸಿದವರು ಸುಮಾರು 8 ಲಕ್ಷ 42 ಸಾವಿರ. ಮಾಮ್ ನನ್ನ ಮೊದಲ ಭಾಷೆ ಅಂತ ಬರೆಸಿದವರು ಸುಮಾರು 5 ಲಕ್ಷ 90 ಸಾವಿರ. ನೂರಕ್ಕೆ 70. ಅಂದರೆ ಉಳಿದ 30 ಜನ ಮಾಮ್ ಮರೆತರು ಅಂತಲ್ಲ. ಭಾಷೆಯ ಪ್ರಶ್ನೆಯನ್ನು 4 ವರ್ಷ ತುಂಬಿದವರಿಗಷ್ಟೇ ಕೇಳಿದ್ದರು. ಜನಾಂಗದ ಲೆಕ್ಕದಲ್ಲಿ ಕೂಸುಗಳೂ ಸೇರಿವೆ. ಆ ಪುಟ್ಟ ಮಕ್ಕಳನ್ನು ತೆಗೆದರೆ ಅಂತರ ಒಂದಷ್ಟು ಕಡಿಮೆಯಾಗುತ್ತದೆ.

ಆದರೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯುತ್ತದೆ. ಕೆಕ್ಚಿ ಜನ ಸುಮಾರು 13.7 ಲಕ್ಷ, ಅದನ್ನು ಮೊದಲ ಭಾಷೆಯಾಗಿ ಕಲಿತವರು 11.27 ಲಕ್ಷ. ಅಲ್ಲಿ ಭಾಷೆ ಬಹುತೇಕ ಎಲ್ಲರ ಮನೆಯಲ್ಲೂ ಇದೆ. ಕಾಕ್ಚಿಕೆಲ್ ಜನ ಸುಮಾರು 10.7 ಲಕ್ಷ, ಭಾಷೆ ಕಲಿತವರು 4.1 ಲಕ್ಷ ಮಾತ್ರ. ಅವರು ರಾಜಧಾನಿಯ ಸುತ್ತಮುತ್ತ ಇರುವವರು. ಬೆಳಗ್ಗೆ ಬಸ್ ಹತ್ತಿ ನಗರಕ್ಕೆ ಕೆಲಸಕ್ಕೆ ಹೋಗುವವರು. ಮಾಮ್ ಈ ಎರಡರ ನಡುವೆ ನಿಂತಿದೆ. ಆದರೆ ‘ನಡುವೆ’ ಅನ್ನುವುದೂ ಸರಾಸರಿಯ ಮಾತೇ. ಕೊಮಿತಾನ್ಸಿಯೊವನ್ನೂ ಸಾನ್ ಪೆದ್ರೊವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು ಎರಡೂ ಊರಿನ ಸತ್ಯ ಅಲ್ಲ.

ಇಷ್ಟಕ್ಕೂ ಈ ಜನ ಇರುವುದು ಎಲ್ಲಿ? ಗ್ವಾಟೆಮಾಲಾದ ಪಶ್ಚಿಮಕ್ಕೆ, ಮೆಕ್ಸಿಕೊ ಗಡಿಗೆ ತಾಗಿಕೊಂಡಂತೆ. ವೇವೇತೆನಾಂಗೊ, ಸಾನ್ ಮಾರ್ಕೋಸ್, ಕೆತ್ಸಾಲ್ತೆನಾಂಗೊ ಎಂಬ ಮೂರು ಪ್ರಾಂತ್ಯಗಳಲ್ಲಿ. ಗಡಿಯಾಚೆ ಮೆಕ್ಸಿಕೊದ ಚಿಯಾಪಾಸ್ ರಾಜ್ಯದಲ್ಲಿ ಒಂದಷ್ಟು ಜನ. ಉತ್ತರಕ್ಕೆ ಕುಚುಮಾತಾನೆಸ್ ಬೆಟ್ಟಸಾಲು. ಮಧ್ಯ ಅಮೆರಿಕದಲ್ಲಿ ಜ್ವಾಲಾಮುಖಿ ಅಲ್ಲದ ಬೆಟ್ಟಗಳಲ್ಲಿ ಅದೇ ಅತಿ ಎತ್ತರದ್ದು. ಎಲ್ಲ ಮಾಯಾ ಭಾಷೆಗಳಿಗೂ ಮೂಲವಾದ ಭಾಷೆ ಸುಮಾರು 4 ಸಾವಿರ ವರ್ಷದ ಹಿಂದೆ ಈ ಬೆಟ್ಟಸಾಲಿನಲ್ಲೇ ಇದ್ದಿರಬೇಕು ಅಂತ ಟೆರೆನ್ಸ್ ಕಾಫ್‌ಮನ್ ಎಂಬ ಭಾಷಾಶಾಸ್ತ್ರಜ್ಞ ವಾದಿಸಿದ್ದ. ಒಂದು ಕುಟುಂಬದ ಭಾಷೆಗಳು ಎಲ್ಲಿ ಅತಿ ಒತ್ತಾಗಿ, ಅತಿ ಭಿನ್ನವಾಗಿ ಕೂತಿವೆಯೋ ಅಲ್ಲೇ ಅವು ಹಳಬವು ಅನ್ನೋದು ಇಂಥ ವಾದದ ಹಿಂದಿನ ತರ್ಕ.

ಮಾಮ್ ಒಳಗಿನ ವೈವಿಧ್ಯಕ್ಕೂ ಇದೇ ತರ್ಕ ಹೊಂದುತ್ತದೆ. ಕೆಕ್ಚಿಯವರು ಕಳೆದ ನೂರೈವತ್ತು ವರ್ಷಗಳಲ್ಲಿ ಕಾಫಿ ತೋಟಗಳಿಗೆ ಜಮೀನು ಕಳೆದುಕೊಂಡು ಉತ್ತರ, ಪೂರ್ವಕ್ಕೆ ಚದುರಿದರು. ಹೊಸ ನೆಲದಲ್ಲಿ ಬೇರೆ ಬೇರೆ ಊರಿನವರು ಬೆರೆತರು. ಹಾಗಾಗಿ ದೂರದೂರ ಇದ್ದರೂ ಅವರ ಮಾತು ಒಬ್ಬರಿಗೊಬ್ಬರಿಗೆ ಸಲೀಸಾಗಿ ತಿಳಿಯುತ್ತದೆ. ಮಾಮ್‌ನವರು ಇದ್ದಲ್ಲೇ ಇದ್ದರು. ಕಣಿವೆಗೊಂದು ಮಾತು ಬೆಳೆಯಿತು.

ಬೆಟ್ಟ ಕಣಿವೆ ಅಷ್ಟೇ ಕಾರಣ ಅಂದರೂ ತಪ್ಪಾಗುತ್ತದೆ. ಸ್ಪ್ಯಾನಿಷರದ್ದೂ ಕೈಯಿದೆ. 1525ರಲ್ಲಿ ಗೊನ್ಸಾಲೊ ದೆ ಆಲ್ವರಾದೊ ಮಾಮ್‌ಗಳ ಕೋಟೆ ಸಾಕುಲೆಯುಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಒಳಗಿದ್ದವರು ಹಸಿವಿನಿಂದ ಕಂಗೆಟ್ಟು ಶರಣಾದರು. ಒಡೆಯ ಕಾಯ್ಬಿಲ್ ಬಾಲಮ್ ಸೋತ. ಆಮೇಲೆ ಅಲ್ಲಲ್ಲಿ ಚದುರಿ ಬದುಕುತ್ತಿದ್ದವರನ್ನು ಒಟ್ಟುಗೂಡಿಸಿ ಪಾದ್ರಿಗಳ ಕಣ್ಣಳತೆಯಲ್ಲಿ ಊರು ಕಟ್ಟಿದರು. ಊರಿಗೊಂದು ಚರ್ಚು, ಒಬ್ಬ ಸಂತ, ಒಂದು ಚೌಕ, ಒಂದು ಸಂತೆ. ಊರಿನ ಹೆಸರಲ್ಲೇ ಸಂತ ಕೂತ: ಸಾನ್ ಹುವಾನ್ ಒಸ್ತುಂಕಾಲ್ಕೊ, ಸಾನ್ ಇಲ್ದೆಫೊನ್ಸೊ ಇಸ್ತಾವಾಕಾನ್, ತೊದೋಸ್ ಸಾಂತೋಸ್ ಕುಚುಮಾತಾನ್. ಕ್ರಮೇಣ ಊರಿಗೊಂದು ಉಡುಪೂ ಆಯಿತು. ತೊದೋಸ್ ಸಾಂತೋಸ್‌ನ ಗಂಡಸರ ಕೆಂಪು ಪಟ್ಟೆಯ ಪ್ಯಾಂಟನ್ನು ದೂರದಿಂದಲೇ ಗುರುತಿಸಬಹುದು. ಮದುವೆ ಸಂಬಂಧ ಹೆಚ್ಚಾಗಿ ಊರೊಳಗೇ. ನಾಲ್ಕೈದು ಶತಮಾನ ಹೀಗೇ ನಡೆದರೆ ಮಾತಿನ ಗಡಿಯೂ ಊರಿನ ಗಡಿಯೂ ಒಂದೇ ಆಗುತ್ತದೆ. ಹಾಗೇ ಆಯಿತು.

ಭಾಷಾಶಾಸ್ತ್ರಜ್ಞರು ಮಾಮ್ ಅನ್ನು ಉತ್ತರದ್ದು, ದಕ್ಷಿಣದ್ದು, ಪಶ್ಚಿಮದ್ದು ಅಂತೆಲ್ಲ ಗುಂಪು ಮಾಡುತ್ತಾರೆ. ತೊದೋಸ್ ಸಾಂತೋಸ್‌ನ ಮಾತು ಇವುಗಳಲ್ಲಿ ಎದ್ದು ಕಾಣುವಷ್ಟು ಬೇರೆ. ಅಕ್ಕಪಕ್ಕದ ಊರಿನವರಿಗೆ ಪರಸ್ಪರ ಅರ್ಥವಾಗುತ್ತದೆ. ಒಂದು ತುದಿಯವನನ್ನು ಇನ್ನೊಂದು ತುದಿಯಲ್ಲಿ ಬಿಟ್ಟರೆ ಕಷ್ಟ. ಸ್ಪ್ಯಾನಿಷ್ ಬಂದರೆ ಅದಕ್ಕೆ ಹೊರಳುತ್ತಾರೆ.

ಈ ಭಾಷೆಯ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ನಮ್ಮ ಕಿವಿಗೆ ಅದು ಅಷ್ಟೇನೂ ಪರಕೀಯ ಅಲ್ಲ. ಮಾಯಾ ಕುಟುಂಬದಲ್ಲಿ ಮಾಮ್, ಇಶಿಲ್, ಆವಕಾತೆಕ್, ತೆಕ್ತಿತೆಕ್ ಒಂದು ಶಾಖೆ. ಈ ಶಾಖೆಯಲ್ಲಿ ಹಿಂದೆಂದೋ ಸದ್ದುಗಳು ಸಾಲಾಗಿ ಜಾಗ ಬದಲಿಸಿದವು. ಮೂಲದ ‘ರ’ ಹೋಗಿ ‘ತ’ ಆಯಿತು. ಮೊದಲಿದ್ದ ‘ತ’ ಹೋಗಿ ‘ಚ’ ಆಯಿತು. ಮೊದಲಿದ್ದ ‘ಚ’ಗೆ ಜಾಗ ಇಲ್ಲದೆ ಅದು ನಾಲಿಗೆ ಮಡಚಿ ಹೇಳುವ, ಹೆಚ್ಚುಕಡಿಮೆ ‘ಟ್ಷ’ ಥರದ ಸದ್ದಾಯಿತು. ‘ಶ’ ಕೂಡ ಮಡಚಿಕೊಂಡು ‘ಷ’ ಆಯಿತು. ಸ್ಪ್ಯಾನಿಷ್‌ನವರಿಗೆ ಈ ಮಡಚಿದ ಸದ್ದು ಕಷ್ಟ. ನಮಗೆ ಅದು ಸಲೀಸು. ಆದರೆ ಗಂಟಲು ಬಿಗಿಹಿಡಿದು ಪಟ್ಟನೆ ಬಿಡುವ ಕ, ತ, ಚ ಇದೆಯಲ್ಲ, ಅಲ್ಲಿ ನಾವೂ ತಡವರಿಸುತ್ತೇವೆ. ಬರವಣಿಗೆಯಲ್ಲಿ ಅದಕ್ಕೆ ಅಕ್ಷರದ ಪಕ್ಕ ಮೇಲೆ ಒಂದು ಪುಟ್ಟ ಗುರುತು (’) ಹಾಕುತ್ತಾರೆ.

ವ್ಯಾಕರಣದಲ್ಲೂ ಒಂದು ಸ್ವಾರಸ್ಯ ಇದೆ. ನೋರಾ ಇಂಗ್ಲೆಂಡ್ ಎಂಬ ಭಾಷಾಶಾಸ್ತ್ರಜ್ಞೆ 1983ರಲ್ಲಿ ಪ್ರಕಟಿಸಿದ ಮಾಮ್ ವ್ಯಾಕರಣದಲ್ಲಿ ಇದರ ವಿವರ ಸಿಗುತ್ತದೆ. ಅವನು, ಅವಳು, ಅದು ಅನ್ನಬೇಕಾದ ಕಡೆ ಮಾಮ್‌ನಲ್ಲಿ ವಯಸ್ಸು, ಸ್ಥಾನ ನೋಡಿ ಪದ ಬರುತ್ತದೆ. ಹರೆಯದ ಹುಡುಗಿಗೆ ‘ಟ್ಷಿನ್’. ನಡುವಯಸ್ಸಿನ ಹೆಂಗಸಿಗೆ ಬೇರೆ, ಮುದುಕಿಗೆ ಬೇರೆ. ಹುಡುಗನಿಗೆ, ಗಂಡಸಿಗೆ, ಮುದುಕನಿಗೆ ಒಂದೊಂದು. ಕೂಸಿಗೆ ಇನ್ನೊಂದು. ಪ್ರಾಣಿ, ವಸ್ತುಗಳಿಗೆಲ್ಲ ಸೇರಿ ‘ಹಲ್’. ಇದಲ್ಲದೆ ಸಮಾನರನ್ನು ಅಕ್ಕರೆಯಿಂದ ಹೇಳುವಾಗ ಬಳಸುವುದೂ ಒಂದಿದೆ. ಅಂದರೆ ಮೂರನೆಯವರ ಬಗ್ಗೆ ಬಾಯಿ ತೆಗೆದರೆ ಸಾಕು, ಅವರನ್ನು ನೀವು ಎಲ್ಲಿಟ್ಟು ನೋಡುತ್ತೀರಿ ಅಂತ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಶಾಲೆಯ ಸ್ಪ್ಯಾನಿಷ್‌ನಲ್ಲಿ ಇದಕ್ಕೆಲ್ಲ ಇರುವುದು ಅವನು, ಅವಳು ಎರಡೇ.

ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಆ ವ್ಯಾಕರಣಕ್ಕೆ ಆಧಾರ ಇಸ್ತಾವಾಕಾನ್ ಎಂಬ ಒಂದು ಊರಿನ ಮಾತು. ಇಂಗ್ಲೆಂಡ್ ಇದನ್ನು ಮುಚ್ಚಿಡಲಿಲ್ಲ, ಸ್ಪಷ್ಟವಾಗೇ ಹೇಳಿದ್ದಾರೆ. ಆದರೆ ಹೊರಗಿನವರಿಗೆ ಅದೇ ‘ಮಾಮ್ ವ್ಯಾಕರಣ’ ಆಗಿಬಿಡುತ್ತದೆ, ಅಲ್ವಾ?

ಹಾಗಾದರೆ ಮಾಮ್ ಒಂದು ಭಾಷೆಯೋ, ಐದೋ? ಉತ್ತರ ಕೇಳಿದ ಜಾಗದ ಮೇಲೆ ಹೋಗುತ್ತದೆ. ಪ್ರಪಂಚದ ಭಾಷೆಗಳ ಪಟ್ಟಿ ಇಡುವ ಎಥ್ನೋಲಾಗ್ ಒಂದು ಕಾಲಕ್ಕೆ ಮಾಮ್ ಅನ್ನು ಐದು ಬೇರೆ ಭಾಷೆ ಅಂತ ಎಣಿಸುತ್ತಿತ್ತು. ಆಮೇಲೆ ಅವನ್ನೆಲ್ಲ ಒಂದೇ ಸಂಕೇತದಡಿ ಸೇರಿಸಿದರು. ಪಟ್ಟಿಯಲ್ಲಿ ನಾಲ್ಕು ಭಾಷೆ ಮಾಯವಾದವು, ಯಾರ ಬಾಯಲ್ಲೂ ಏನೂ ಬದಲಾಗಲಿಲ್ಲ. ಬೇರೆ ಬೇರೆ ಎಣಿಸಿದ್ದಕ್ಕೂ ಒಂದು ಹಿನ್ನೆಲೆ ಇದೆ. ಎಥ್ನೋಲಾಗ್ ಹುಟ್ಟಿದ್ದು ಬೈಬಲ್ ಅನುವಾದಕರ ಸಂಸ್ಥೆಯಲ್ಲಿ. ಒಂದು ಕಡೆಯ ಅನುವಾದ ಇನ್ನೊಂದು ಕಡೆ ಓದಲು ಬರುತ್ತದಾ ಅನ್ನೋದು ಅವರ ಅಳತೆಗೋಲು. ಒಸ್ತುಂಕಾಲ್ಕೊಗೆ, ಕೊಮಿತಾನ್ಸಿಯೊಗೆ, ತೊದೋಸ್ ಸಾಂತೋಸ್‌ಗೆ ಹೊಸ ಒಡಂಬಡಿಕೆಯ ಬೇರೆ ಬೇರೆ ಅನುವಾದಗಳಾದವು. ಮೆಕ್ಸಿಕೊದ ಸರ್ಕಾರಿ ಭಾಷಾ ಸಂಸ್ಥೆ 2008ರ ತನ್ನ ಪಟ್ಟಿಯಲ್ಲಿ 68 ಭಾಷಾ ಗುಂಪು, 364 ಪ್ರಭೇದ ಅಂತ ಎರಡು ಹಂತ ಮಾಡಿತು. ಅವರ ಕಡೆಯ ಮಾಮ್ ಒಂದೇ ಹಲವು ಪ್ರಭೇದಗಳಾಗಿ ಅದರಲ್ಲಿ ಕೂತಿದೆ.

ಗ್ವಾಟೆಮಾಲಾದಲ್ಲಿ ಗೆರೆ ಎಳೆಯುವುದು ರಾಜಕೀಯ. ತೆಕ್ತಿತಾನ್ ಊರಿನ ತೆಕ್ತಿತೆಕ್ ಮಾಮ್‌ಗೆ ತೀರಾ ಹತ್ತಿರದ್ದು. ಆದರೂ ಅದು ಬೇರೆ ಭಾಷೆ ಅಂತ ಮಾನ್ಯತೆ ಪಡೆದಿದೆ. 2018ರಲ್ಲಿ ಅದನ್ನು ಮೊದಲ ಭಾಷೆ ಅಂತ ಬರೆಸಿದವರು ಸುಮಾರು 2,300. ಅದೇ ವೇವೇತೆನಾಂಗೊ ಪ್ರಾಂತ್ಯದ ಆಗ್ವಾಕಾತಾನ್‌ನಲ್ಲಿ ಇನ್ನೂ ಮಜಾ ಇದೆ. ಅಲ್ಲಿನ ಮಾತನ್ನು ಭಾಷಾಶಾಸ್ತ್ರಜ್ಞರು ಆವಕಾತೆಕ್ ಎಂಬ ಒಂದೇ ಭಾಷೆ ಅನ್ನುತ್ತಿದ್ದರು. ಊರಿನ ಒಂದು ಗುಂಪು ‘ನಾವು ಚಾಲ್ಚಿತೆಕ್, ನಮ್ಮದು ಬೇರೆ’ ಅಂದಿತು. 2003ರಲ್ಲಿ ಸಂಸತ್ತು ಒಪ್ಪಿತು. 21 ಇದ್ದ ಮಾಯಾ ಭಾಷೆಗಳು 22 ಆದವು. ಮಾನ್ಯತೆ ಸಿಕ್ಕರೆ ಭಾಷಾ ಅಕಾಡೆಮಿಯಲ್ಲಿ ಒಂದು ಕುರ್ಚಿ, ಒಂದಿಷ್ಟು ದುಡ್ಡು, ಒಂದು ಹೆಸರು. ಇದನ್ನು ಸುಮ್ನೆ ಹಟ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಮ್ಮ ಮಾತಿಗೆ ಹೆಸರು ಕೇಳುವವರು ಅದನ್ನು ಬಿಟ್ಟುಕೊಡುವ ಜನ ಅಲ್ಲ.

ಆ ಅಕಾಡೆಮಿ ಅಂದರೆ ಗ್ವಾಟೆಮಾಲಾದ ಮಾಯಾ ಭಾಷೆಗಳ ಅಕಾಡೆಮಿ. 1990ರಲ್ಲಿ ಕಾನೂನಿನ ಮೂಲಕ ಸ್ವಾಯತ್ತ ಸಂಸ್ಥೆಯಾಯಿತು. ಅದರ ಹಿಂದೆ ಅಕ್ಷರಮಾಲೆಯ ಜಗಳ ಇತ್ತು. ಮೊದಲೆಲ್ಲ ಮಿಷನರಿಗಳು ಸ್ಪ್ಯಾನಿಷ್ ಕಾಗುಣಿತಕ್ಕೆ ಹೊಂದುವಂತೆ ಬರೆಯುತ್ತಿದ್ದರು. ಮಾಯಾ ಭಾಷೆ ಓದಲು ಕಲಿತವನು ಸಲೀಸಾಗಿ ಸ್ಪ್ಯಾನಿಷ್‌ಗೆ ದಾಟಲಿ ಅಂತ. ಮಾಯಾ ವಿದ್ವಾಂಸರು ಇದನ್ನು ಒಪ್ಪಲಿಲ್ಲ. 1987ರಲ್ಲಿ ಎಲ್ಲ ಮಾಯಾ ಭಾಷೆಗಳಿಗೂ ಹೊಂದುವ ಒಂದೇ ಲಿಪಿಪದ್ಧತಿಗೆ ಸರ್ಕಾರಿ ಮುದ್ರೆ ಬಿತ್ತು. ಲಿಪಿಯೇನೋ ಒಂದಾಯಿತು. ಆದರೆ ಯಾವ ಊರಿನ ಉಚ್ಚಾರವನ್ನು ಬರೆಯುವುದು? ಒಂದು ಊರಿನದನ್ನು ಆರಿಸಿದರೆ ಉಳಿದವರು ‘ಇದು ನಮ್ಮದಲ್ಲ’ ಅನ್ನುತ್ತಾರೆ. ಎಲ್ಲದರಿಂದ ಸ್ವಲ್ಪ ಸ್ವಲ್ಪ ಆರಿಸಿದರೆ ಯಾರ ಮನೆಯಲ್ಲೂ ಆಡದ ಭಾಷೆ ಆಗುತ್ತದೆ. ಪಠ್ಯಪುಸ್ತಕ ಬರೆಯುವವರ ತಲೆನೋವು ಇದು.

ಶಾಲೆಯ ಕಥೆಗೆ ಬಂದರೆ, ಕಾಗದದ ಮೇಲೆ ಎಲ್ಲ ಇದೆ. 1980ರ ದಶಕದ ಮಧ್ಯದಲ್ಲಿ ದ್ವಿಭಾಷಾ ಶಿಕ್ಷಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಮೊದಲ ನಾಲ್ಕು ಭಾಷೆಗಳಲ್ಲಿ ಮಾಮ್ ಕೂಡ ಒಂದು. 36 ವರ್ಷದ ಅಂತರ್ಯುದ್ಧ ಮುಗಿಸಿದ ಶಾಂತಿ ಒಪ್ಪಂದಗಳಲ್ಲಿ ಮೂಲನಿವಾಸಿಗಳ ಭಾಷೆಗಳಿಗೆ ಅಧಿಕೃತ ಮಾನ್ಯತೆ ಕೊಡುವ ಮಾತಿತ್ತು. ಅದಕ್ಕೆ ಸಂವಿಧಾನ ತಿದ್ದಬೇಕಿತ್ತು. 1999ರ ಮೇ 16ರಂದು ಜನಮತ ಕೇಳಿದರು. ಮತ ಹಾಕಲು ಬಂದವರು ನೂರಕ್ಕೆ 20ಕ್ಕಿಂತ ಕಡಿಮೆ. ಬಂದವರಲ್ಲಿ ‘ಬೇಡ’ ಅಂದವರೇ ಗೆದ್ದರು. ಸ್ಪ್ಯಾನಿಷ್ ಒಂದೇ ಅಧಿಕೃತ ಭಾಷೆಯಾಗಿ ಉಳಿಯಿತು. 2003ರಲ್ಲಿ ರಾಷ್ಟ್ರೀಯ ಭಾಷೆಗಳ ಕಾನೂನು ಬಂತು. ಸರ್ಕಾರಿ ಸೇವೆ ಅವರವರ ಭಾಷೆಯಲ್ಲಿ ಸಿಗಬೇಕು ಅಂತ ಅದು ಹೇಳುತ್ತದೆ. ಕಾನೂನು ಒಳ್ಳೆಯದೇ. ಆಸ್ಪತ್ರೆಯ ಕೌಂಟರಿನಲ್ಲಿ, ಕೋರ್ಟಿನ ಬಾಗಿಲಲ್ಲಿ ಅದು ಎಷ್ಟು ಕಾಣುತ್ತದೆ ಅನ್ನೋದು ಬೇರೆ ಮಾತು.

ತರಗತಿಯಲ್ಲಿ ಇನ್ನೊಂದು ತೊಡಕು ಇದೆ. ಶಿಕ್ಷಕ ಮಾಮ್ ಬಲ್ಲವನು ಅಂತ ನೇಮಕ ಮಾಡುತ್ತಾರೆ. ಅವನು ಬೆಟ್ಟದ ಆಚೆಯ ಊರಿನವನಾಗಿದ್ದರೆ? ಮಕ್ಕಳ ಮಾತು ಅವನಿಗೆ ಪೂರ್ತಿ ಹಿಡಿಯುವುದಿಲ್ಲ, ಅವನ ಮಾತಿಗೆ ಮಕ್ಕಳು ನಗುತ್ತಾರೆ. ಆಗ ಎಲ್ಲರಿಗೂ ಸುಲಭದ ದಾರಿ ಸ್ಪ್ಯಾನಿಷ್. ಇಂಥ ಪ್ರಸಂಗಗಳನ್ನು ಹಿಡಿದು ‘ಉಪಭಾಷೆ ಜಾಸ್ತಿ ಇರೋದೇ ಈ ಭಾಷೆಯ ಕಾಯಿಲೆ’ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕಾಕ್ಚಿಕೆಲ್‌ನ ಊರುಗಳ ಮಾತಿನಲ್ಲಿ ಮಾಮ್‌ನಷ್ಟು ಅಂತರ ಇಲ್ಲ. ಆದರೆ ಮನೆಯಲ್ಲಿ ಭಾಷೆ ತಪ್ಪಿಹೋಗುತ್ತಿರುವುದು ಅಲ್ಲೇ ಜಾಸ್ತಿ. ಕೊಮಿತಾನ್ಸಿಯೊದ ಮಾತು ಬೇರೆಯವರಿಗೆ ಕಷ್ಟ, ಅದರ ಮಕ್ಕಳು ಮಾತ್ರ ಅದನ್ನು ಬಿಟ್ಟಿಲ್ಲ. ಉಪಭಾಷೆ ತೊಂದರೆ ಕೊಡುವುದು ಪಠ್ಯಪುಸ್ತಕ ಇಲಾಖೆಗೆ, ಅಡುಗೆಮನೆಗಲ್ಲ.

ಭಾಷೆಗೆ ನಿಜವಾಗಿ ಪೆಟ್ಟು ಬಿದ್ದದ್ದು ಎಲ್ಲಿ ಅಂತ ನೋಡಲು ಗಡಿ ದಾಟಬೇಕು. 1882ರಲ್ಲಿ ಮೆಕ್ಸಿಕೊ ಮತ್ತು ಗ್ವಾಟೆಮಾಲಾ ಗಡಿ ಒಪ್ಪಂದ ಮಾಡಿಕೊಂಡವು. ಆಮೇಲೆ ಚಿಯಾಪಾಸ್‌ನ ಸೊಕೊನುಸ್ಕೊ ಸೀಮೆಯಲ್ಲಿ ಕಾಫಿ ತೋಟಗಳೆದ್ದವು, ಅನೇಕ ಜರ್ಮನ್ ಮಾಲೀಕರದ್ದು. ಮುಂಗಡ ಕೊಟ್ಟು, ಸಾಲದಲ್ಲಿ ಸಿಕ್ಕಿಸಿ ಬೆಟ್ಟದಿಂದ ಆಳುಗಳನ್ನು ಇಳಿಸಿದರು. ಮಾಮ್‌ನವರು ಅಲ್ಲೂ ನೆಲೆನಿಂತರು. 1930ರ ದಶಕದಲ್ಲಿ ಚಿಯಾಪಾಸ್‌ನ ಗವರ್ನರ್ ವಿಕ್ತೋರಿಕೊ ಗ್ರಾಹಾಲೆಸ್ ಇವರನ್ನು ‘ಮೆಕ್ಸಿಕನ್ನರನ್ನಾಗಿ’ ಮಾಡಲು ಹೊರಟ. ಗಡಿಯಲ್ಲಿರುವವರು ಗ್ವಾಟೆಮಾಲಾದವರ ಹಾಗೆ ಕಾಣಬಾರದು. ನೇಯ್ದ ಬಟ್ಟೆ ಬಿಡಿ, ಪ್ಯಾಂಟು ಹಾಕಿ, ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಿ. ಬಟ್ಟೆಗಳನ್ನು ರಾಶಿ ಹಾಕಿ ಸುಟ್ಟದ್ದನ್ನು ಆ ಕಡೆಯ ಹಿರಿಯರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ಮಾತಾಡಿದರೆ ಶಾಲೆಯಲ್ಲಿ ಶಿಕ್ಷೆ. ತಂದೆತಾಯಿ ಹೆದರಿದರು, ಮಕ್ಕಳ ಜೊತೆ ಮಾಮ್ ನಿಲ್ಲಿಸಿದರು. ಒಂದೇ ತಲೆಮಾರು ಸಾಕಾಯಿತು. 2020ರ ಮೆಕ್ಸಿಕೊ ಜನಗಣತಿಯಲ್ಲಿ ಮಾಮ್ ಮಾತಾಡುವವರು ಸುಮಾರು 11 ಸಾವಿರ.

ಅದೇ ಬೆಟ್ಟ, ಅದೇ ಉಪಭಾಷೆ, ನಡುವೆ ಒಂದು ಗೆರೆ. ಗೆರೆಯ ಗ್ವಾಟೆಮಾಲಾ ಕಡೆ ಮಕ್ಕಳು ಮಾತಾಡುತ್ತಾರೆ, ಮೆಕ್ಸಿಕೊ ಕಡೆ ಅಜ್ಜ ಅಜ್ಜಿಯರೇ ಹೆಚ್ಚು. ಯುನೆಸ್ಕೊಗಾಗಿ ತಜ್ಞರು 2003ರಲ್ಲಿ ಭಾಷೆಯ ಆರೋಗ್ಯ ಅಳೆಯಲು ಒಂಬತ್ತು ಅಂಶ ಪಟ್ಟಿ ಮಾಡಿದ್ದರು. ಮೊದಲನೆಯದೇ ಹೆತ್ತವರಿಂದ ಮಕ್ಕಳಿಗೆ ಭಾಷೆ ದಾಟುತ್ತಿದೆಯಾ ಅನ್ನೋದು. ಎಷ್ಟು ಜನ ಮಾತಾಡುತ್ತಾರೆ ಅನ್ನೋದು ಎರಡನೆಯದು. ಈ ಗಡಿಯಲ್ಲಿ ನಿಂತರೆ ಆ ಕ್ರಮ ಯಾಕೆ ಹಾಗಿದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮಾಮ್‌ನ ಮೂರನೆಯ ನೆಲೆ ಅಮೆರಿಕ. ಯುದ್ಧ ಕಾಲದಲ್ಲಿ ಶುರುವಾದ ವಲಸೆ ಯುದ್ಧ ಮುಗಿದ ಮೇಲೆ ಇನ್ನೂ ಹೆಚ್ಚಿತು. ಜಮೀನು ತುಂಡಾಗಿದೆ, ಕಾಫಿ ಬೆಲೆ ಏರಿಳಿಯುತ್ತದೆ, ಸಾಲ ಮಾಡಿಯಾದರೂ ಉತ್ತರಕ್ಕೆ ಹೋಗುತ್ತಾರೆ. ಊರಿನ ಲೆಕ್ಕ ಇಲ್ಲೂ ತಪ್ಪಲಿಲ್ಲ. ತೊದೋಸ್ ಸಾಂತೋಸ್‌ನವರು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ ಹೋದರೆ, ಕೊಮಿತಾನ್ಸಿಯೊದವರು ಮಿಸಿಸಿಪಿಯ ಕೋಳಿ ಮಾಂಸದ ಕಾರ್ಖಾನೆಗಳಿಗೆ ಹೋದರು. 2019ರ ಆಗಸ್ಟ್‌ನಲ್ಲಿ ಆ ಕಾರ್ಖಾನೆಗಳ ಮೇಲೆ ವಲಸೆ ಇಲಾಖೆ ಒಂದೇ ದಿನ ದಾಳಿ ಮಾಡಿ 680 ಜನರನ್ನು ಹಿಡಿಯಿತು. ಹಿಡಿದವರಲ್ಲಿ ಮಾಮ್ ಮಾತಾಡುವವರೂ ಇದ್ದರು.

ಹಿಡಿದವರನ್ನು ಕೋರ್ಟಿಗೆ ತರಬೇಕು. ಅಲ್ಲಿ ಭಾಷೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. 2018ರ ಹಣಕಾಸು ವರ್ಷದಲ್ಲಿ ಅಮೆರಿಕದ ವಲಸೆ ಕೋರ್ಟುಗಳಲ್ಲಿ ಹೆಚ್ಚು ಬಳಕೆಯಾದ ಭಾಷೆಗಳ ಪಟ್ಟಿಯಲ್ಲಿ ಮಾಮ್ ಒಂಬತ್ತನೆಯದು. ಫ್ರೆಂಚ್‌ಗಿಂತ ಮೇಲೆ. ಮಾಮ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ದುಭಾಷಿಗಳು ಬೆರಳೆಣಿಕೆ. ಹಾಗಾಗಿ ಮಾತು ಎರಡು ಹೆಗಲು ದಾಟಿ ಹೋಗುತ್ತದೆ. ನ್ಯಾಯಾಧೀಶರು ಇಂಗ್ಲಿಷ್‌ನಲ್ಲಿ ಕೇಳುತ್ತಾರೆ. ಒಬ್ಬರು ಅದನ್ನು ಸ್ಪ್ಯಾನಿಷ್‌ಗೆ ತರುತ್ತಾರೆ. ಇನ್ನೊಬ್ಬರು, ಎಷ್ಟೋ ಸಲ ದೂರದ ಫೋನಿನಲ್ಲಿ, ಅದನ್ನು ಮಾಮ್‌ನಲ್ಲಿ ಹೇಳುತ್ತಾರೆ. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಫೋನಿನ ಆ ತುದಿಯಲ್ಲಿರುವವರು ದಕ್ಷಿಣದ ಒಸ್ತುಂಕಾಲ್ಕೊದವರು, ಕಟಕಟೆಯಲ್ಲಿರುವವಳು ಉತ್ತರದ ತೊದೋಸ್ ಸಾಂತೋಸ್‌ನವಳು ಅಂದುಕೊಳ್ಳಿ. ಅವಳು ಅರ್ಥವಾಗದೆ ಸುಮ್ಮನಾಗುತ್ತಾಳೆ, ಇಲ್ಲವೇ ಹೂಂ ಅನ್ನುತ್ತಾಳೆ. ಆ ಹೂಂ ದಾಖಲೆಗೆ ಹೋಗುತ್ತದೆ. ಆಶ್ರಯದ ಅರ್ಜಿಯಲ್ಲಿ ತಾರೀಕು, ಹೆಸರು, ಯಾರು ಬೆದರಿಸಿದರು ಅನ್ನುವುದೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದಿದ್ದರೆ ಸುಳ್ಳು ಹೇಳಿದಳು ಅಂತಾಗುತ್ತದೆ.

ಇದಕ್ಕೆ ದೊಡ್ಡ ಸಂಶೋಧನೆಯೇನೂ ಬೇಕಿಲ್ಲ. ಅರ್ಜಿಯಲ್ಲಿ ‘ಭಾಷೆ: ಮಾಮ್’ ಅನ್ನುವುದರ ಜೊತೆ ‘ಊರು’ ಅಂತ ಒಂದು ಖಾನೆ ಇದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಮಾಯಾ ದುಭಾಷಿಗಳು ಕೆಲಸ ಒಪ್ಪುವ ಮೊದಲು ಕೇಳುವ ಪ್ರಶ್ನೆಯೂ ಅದೇ: ಯಾವ ಊರು?

ಓಕ್‌ಲ್ಯಾಂಡ್‌ನಲ್ಲಿ ಇನ್ನೊಂದು ಬೆಳವಣಿಗೆ ನಡೆಯುತ್ತಿದೆ. ಬೆಟ್ಟದಲ್ಲಿ ಎಂದೂ ಸೇರದ ಊರಿನವರು ಇಲ್ಲಿ ಒಂದೇ ಬೀದಿಯಲ್ಲಿ, ಒಂದೇ ಚರ್ಚಿನಲ್ಲಿ ಸಿಗುತ್ತಾರೆ. ರೇಡಿಯೊ ಬಾಲಮ್ ಅಂತ ಮಾಮ್ ಬಾನುಲಿ ನಡೆಸುತ್ತಾರೆ. ಲೇನಿ ಕಾಲೇಜಿನಲ್ಲಿ ಮಾಮ್ ತರಗತಿ ನಡೆದಿದೆ. ಅಲ್ಲಿ ಶಿಕ್ಷಕರು, ಆಸ್ಪತ್ರೆ ಸಿಬ್ಬಂದಿ ಕಲಿಯಲು ಬರುತ್ತಾರೆ. ಊರಿನ ಜೊತೆ ಮಾತು ನಡೆಯುವುದು ಫೋನಿನ ಧ್ವನಿಸಂದೇಶಗಳಲ್ಲಿ. ಮಾಮ್ ಬರೆಯಲು ಬಾರದವರಿಗೆ ಇದು ವರದಾನವಾಯಿತು. ಕಾಗುಣಿತದ ಜಗಳ ಇಲ್ಲ, ಯಾವ ಉಪಭಾಷೆ ಅನ್ನುವ ಜಗಳವೂ ಇಲ್ಲ. ಅಲ್ಲೇ ಹುಟ್ಟಿದ ಮಕ್ಕಳ ಕಥೆ ಬೇರೆ. ಅವರ ಎದುರು ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ನಿಂತಿವೆ. ವಲಸೆ ಹೋದ ಕಡೆ ಭಾಷೆ ಉಳಿಯುತ್ತದೆ ಅಂತ ಈಗಲೇ ಸಂಭ್ರಮಪಡುವುದು ಅವಸರವಾದೀತು.

2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ 110 ಭಾಷೆಗಳನ್ನು ಒಟ್ಟಿಗೆ ಸೇರಿಸಿದಾಗ ಅದರಲ್ಲಿ ಮಾಮ್ ಇತ್ತು. ನಮ್ಮ ತುಳುವೂ ಅದೇ ಪಟ್ಟಿಯಲ್ಲಿ ಬಂತು. ತುಳುವಿನವರು ಅದನ್ನು ತೆರೆದು ನೋಡಿ ‘ಹೀಗೆ ಯಾರು ಮಾತಾಡ್ತಾರೆ’ ಅಂದದ್ದನ್ನು ಕೇಳಿದವರಿಗೆ ಮಾಮ್‌ನವರ ಅನುಮಾನವೂ ತಿಳಿಯುತ್ತದೆ. ಯಂತ್ರಕ್ಕೆ ಬೇಕಾದದ್ದು ಬರಹ. ಬರಹ ಜಾಸ್ತಿ ಇರುವ ಊರಿನ ಮಾತೇ ಅದಕ್ಕೆ ಭಾಷೆ. ಕೋರ್ಟಿನಲ್ಲೋ ಆಸ್ಪತ್ರೆಯಲ್ಲೋ ಯಾರಾದರೂ ಅದನ್ನು ನಂಬಿ ಕೂತರೆ ಫೋನಿನ ದುಭಾಷಿಯ ಕಾಲದ ತೊಂದರೆ ಹಾಗೇ ಇರುತ್ತದೆ, ಕೇಳಿಸಿಕೊಳ್ಳಲು ಆ ತುದಿಯಲ್ಲಿ ಮನುಷ್ಯ ಕೂಡ ಇರುವುದಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಭರವಸೆ ಇರುವುದು ಹಳೇ ಸಲಕರಣೆಯ ಮೇಲೆ: ಊರಿನ ರೇಡಿಯೊ. ಗ್ವಾಟೆಮಾಲಾದಲ್ಲಿ 1996ರ ದೂರಸಂಪರ್ಕ ಕಾನೂನು ಫ್ರೀಕ್ವೆನ್ಸಿಗಳನ್ನು ಹರಾಜಿಗೆ ಇಟ್ಟಿತು. ಹರಾಜಿನಲ್ಲಿ ಕೂಗಲು ದುಡ್ಡಿಲ್ಲದ ಸಮುದಾಯ ರೇಡಿಯೊಗಳು ಅಕ್ರಮ ಆದವು. ಪೊಲೀಸರು ಬಂದು ಟ್ರಾನ್ಸ್‌ಮಿಟರ್ ಹೊತ್ತೊಯ್ದರು, ನಡೆಸುವವರ ಮೇಲೆ ಕೇಸು ಹಾಕಿದರು. ನಾಲ್ಕು ಮಾಯಾ ಸಮುದಾಯಗಳ ರೇಡಿಯೊಗಳ ದೂರು ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. ಅವುಗಳಲ್ಲಿ ಒಂದು ಕೆತ್ಸಾಲ್ತೆನಾಂಗೊ ಪ್ರಾಂತ್ಯದ ಕಾಹೊಲಾದ ಮಾಮ್ ರೇಡಿಯೊ. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಗ್ವಾಟೆಮಾಲಾ ಸರ್ಕಾರದ್ದೇ ತಪ್ಪು ಅಂದಿತು. ಸಮುದಾಯ ರೇಡಿಯೊಗಳನ್ನು ಕಾನೂನಿನಲ್ಲಿ ಒಪ್ಪಿಕೊಳ್ಳಿ, ಮೂಲನಿವಾಸಿಗಳಿಗೆ ಒಂದು ಪಾಲು ಫ್ರೀಕ್ವೆನ್ಸಿ ತೆಗೆದಿಡಿ, ಕೇಸು ಹಾಕುವುದನ್ನು ನಿಲ್ಲಿಸಿ ಅಂತ ಹೇಳಿತು.

ಇಂಥ ರೇಡಿಯೊ ತಲುಪುವುದು ಒಂದು ಊರು, ಸುತ್ತಲ ನಾಲ್ಕಾರು ಹಳ್ಳಿ. ದೊಡ್ಡ ಚಾನೆಲ್‌ನವರಿಗೆ ಅದು ಕೊರತೆ. ಮಾಮ್‌ಗೆ ಅದೇ ಸರಿಯಾದ ಅಳತೆ. ಕಾಹೊಲಾದ ಹವಾಮಾನ, ಜೋಳದ ಬೆಲೆ, ಸಾವಿನ ಸುದ್ದಿ, ಮದುವೆಯ ಹಾಡು ಎಲ್ಲ ಕಾಹೊಲಾದ ಮಾತಿನಲ್ಲೇ ಬರುತ್ತದೆ. ಯಾವ ಉಪಭಾಷೆಯನ್ನು ಶಿಷ್ಟ ಮಾಡಬೇಕು ಅಂತ ಸಮಿತಿ ಕೂರಿಸಬೇಕಾಗಿಲ್ಲ. ಅಡುಗೆ ಮಾಡುತ್ತಾ ಕೇಳುವ ತಾಯಿಯ ಪಕ್ಕದಲ್ಲಿ ಮಗುವೂ ಕೇಳಿಸಿಕೊಳ್ಳುತ್ತದೆ. ಟ್ರಾನ್ಸ್‌ಮಿಟರ್ ದುಬಾರಿಯದೇನಲ್ಲ, ಮಾತಾಡುವವರಿಗೂ ಬರ ಇಲ್ಲ. ಬೇಕಿರುವುದು ಫ್ರೀಕ್ವೆನ್ಸಿ, ಅದನ್ನು ಕೊಡುವ ಅಧಿಕಾರ ಇರುವುದು ಸರ್ಕಾರದ ಕೈಯಲ್ಲಿ.